ವಿದ್ಯುತ್ ಪಿಕಪ್ಪು ಮತ್ತು ನಮ್ಮ ತೋಟದ ದಾರಿ

ಗೊಬ್ಬರದ ಪರ್ಮಿಟ್ಟಿಗೋ, ಸಾಲದ ಕಂತು ಕಟ್ಟುವುದಕ್ಕೋ ಸಂಘದ ಕಛೇರಿಗೆ ಬರುವ ಸದಸ್ಯ ಬಂಧುಗಳಲ್ಲಿ ಹಲವರು ಈಚೆಗೆ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದಿದೆ. "ಕರೆಂಟಿನ ಪಿಕಪ್ಪು ನಮ್ಮ ತೋಟದ ರಸ್ತೆಗೆ ಆದೀತೆ? ಹಳೆಯ ಜೀಪು ಮಾರಿ ಅದನ್ನೇ ತೆಗೆದುಕೊಳ್ಳಬಹುದೆ? ಸಂಘದಿಂದ ಸಾಲ ಸಿಕ್ಕೀತೆ?" ಪ್ರಶ್ನೆ ಹಗುರವಾದುದಲ್ಲ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡಿದೆ. ಕಾಸು ಬಂದಾಗ ಮೊದಲು ಮನೆಯಂಗಳಕ್ಕೆ ಬರುವುದು ವಾಹನ. ಆದರೆ 2001-02ರ ಸುಮಾರಿನಲ್ಲಿ ಇದೇ ಕಾಫಿಯ ಬೆಲೆ ಕುಸಿದು, ಹಣ್ಣು ಕೊಯ್ದ ಕೂಲಿಯೂ ಹುಟ್ಟದೆ ಬೆಳೆಗಾರರು ಬ್ಯಾಂಕಿನ ನೋಟೀಸು ಹಿಡಿದು ಅಲೆದದ್ದನ್ನು ಐವತ್ತು ದಾಟಿದ ನಾವು ಯಾರೂ ಮರೆತಿಲ್ಲ. ಹೀಗಿರುವಾಗ ಹತ್ತು ಹದಿನೈದು ಲಕ್ಷದ ಒಂದು ವಸ್ತುವಿನ ವಿಷಯದಲ್ಲಿ ಗುಣಾವಗುಣಗಳೆರಡನ್ನೂ ತೂಗಿ ನೋಡಿ ಅಭಿಪ್ರಾಯ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆದಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೆಸರು, ಕಲ್ಲು, ಹಳ್ಳ, ಚಡಾವುಗಳಲ್ಲಿ ಓಡಲೆಂದೇ ಮಾಡಿದ ವಿದ್ಯುತ್ ಪಿಕಪ್ಪುಗಳು ಸದ್ಯಕ್ಕೆ ಬಹುಮಟ್ಟಿಗೆ ಹೊರದೇಶಗಳ ಸಂಗತಿ. ಅಮೆರಿಕೆಯಲ್ಲಿ ರಿವಿಯನ್ ಕಂಪೆನಿಯ ಆರ್1ಟಿ 2021ರ ಸೆಪ್ಟೆಂಬರಿನಲ್ಲಿ ಗಿರಾಕಿಗಳ ಕೈ ಸೇರಿತು. ಅದೇ ವರ್ಷದ ಕೊನೆಗೆ ಜಿ.ಎಂ.ಸಿ. ಹಮ್ಮರ್, 2022ರಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್, 2023ರ ನವೆಂಬರಿನಲ್ಲಿ ಟೆಸ್ಲಾದ ಸೈಬರ್‌ಟ್ರಕ್ ಬಂದವು. ನಮ್ಮಂಥ ಸಣ್ಣ ಹಿಡುವಳಿದಾರರು ಕೊಳ್ಳಬಹುದಾದ, ನಾಲ್ಕೂ ಚಕ್ರ ಎಳೆಯುವ ವಿದ್ಯುತ್ ಪಿಕಪ್ಪು ನಮ್ಮ ಪೇಟೆಯ ಷೋರೂಮುಗಳಲ್ಲಿಲ್ಲ. ಆದರೂ ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ನಾಳೆ ಬಂದೇ ಬರುತ್ತದೆ. ಬಂದ ದಿನ ಕಣ್ಣು ಕೋರೈಸದಂತೆ ಇಂದೇ ತಿಳಿದುಕೊಂಡಿರುವುದು ಲೇಸು.

ಅದರ ಬಲ

ಹೊರದೇಶಗಳ ಅನುಭವವನ್ನು ನೋಡಿದರೆ, ಕೆಟ್ಟ ದಾರಿಯಲ್ಲಿ ವಿದ್ಯುತ್ ವಾಹನ ಓಡಲಾರದು ಎಂಬ ಮಾತು ಸುಳ್ಳೆಂದು ಒಪ್ಪಲೇಬೇಕು. 2021ರಲ್ಲಿ ಅಮೆರಿಕೆಯ ಮೋಟರ್‌ಟ್ರೆಂಡ್ ಪತ್ರಿಕೆಯವರು ರಿವಿಯನ್ ಪಿಕಪ್ಪನ್ನು ಟ್ರಾನ್ಸ್-ಅಮೆರಿಕ ಟ್ರೇಲ್ ಎಂಬ, ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗಿನ, ಬಹುಪಾಲು ಮಣ್ಣು ಕಲ್ಲಿನ 8,000 ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಓಡಿಸಿ ದಾಟಿಸಿದರು. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ, ನಮ್ಮ ಜೀಪನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ.

ಡೀಸೆಲ್ ಎಂಜಿನ್ನಿಗೆ ನಿಂತಲ್ಲಿ ಬಲವಿಲ್ಲ. ಅದು ಸುತ್ತು ಹೊಡೆದಾಗ ಮಾತ್ರ ಬಲ ಹುಟ್ಟುತ್ತದೆ. ಆದುದರಿಂದಲೇ ಚಡಾವಿನ ನಡುವೆ ನಿಂತ ಗಾಡಿಯನ್ನು ಎಬ್ಬಿಸಲು ಕ್ಲಚ್ಚನ್ನು ಅರ್ಧ ಹಿಡಿದು, ಎಕ್ಸಲರೇಟರ್ ಒತ್ತಿ, ಕ್ಲಚ್ ಪ್ಲೇಟು ಸುಟ್ಟ ವಾಸನೆ ಕುಡಿಯಬೇಕಾಗುತ್ತದೆ. ವಿದ್ಯುತ್ ಮೋಟಾರಿಗಾದರೋ ಮೊದಲ ಸುತ್ತಿನಿಂದಲೇ ಪೂರ್ಣ ಎಳೆತವಿದೆ. ಕ್ಲಚ್ಚೂ ಇಲ್ಲ, ಗೇರು ಬದಲಿಸುವ ಗೊಡವೆಯೂ ಇಲ್ಲ. ಕಲ್ಲಿನ ಮೇಲೆ ಅಂಗುಲ ಅಂಗುಲವಾಗಿ ಚಕ್ರ ಹತ್ತಿಸಬಹುದು. ಪಳಗದ ಹುಡುಗನ ಕೈಯಲ್ಲೂ ಗಾಡಿ ಮುಗ್ಗರಿಸಿ ಆಫ್ ಆಗುವುದಿಲ್ಲ.

ಎರಡನೆಯದು ಚಕ್ರದ ಜಾರಾಟ. ಜೂನ್ ಜುಲೈ ತಿಂಗಳಲ್ಲಿ ಕೆಂಪು ಮಣ್ಣಿನ ರಸ್ತೆ ಎಣ್ಣೆ ಹಚ್ಚಿದಂತಾದಾಗ, ಒಂದು ಚಕ್ರ ತಿರುಗತೊಡಗಿದರೆ ಸಾಕು, ಹೊಂಡ ತೋಡಿಕೊಂಡು ಹೌಸಿಂಗ್ ನೆಲ ಮುಟ್ಟುವವರೆಗೂ ಇಳಿದುಬಿಡುತ್ತದೆ. ವಿದ್ಯುತ್ ಮೋಟಾರಿನ ವೇಗವನ್ನು ಅದರ ನಿಯಂತ್ರಕವು ಕಣ್ಣೆವೆ ಮುಚ್ಚುವುದರೊಳಗೆ ಎಷ್ಟೋ ಸಾರಿ ತಿದ್ದಬಲ್ಲುದು. ಚಕ್ರ ಜಾರುವ ಮುನ್ನವೇ ಎಳೆತ ತಗ್ಗುತ್ತದೆ. ರಿವಿಯನ್ನಿನ ಒಂದು ಮಾದರಿಯಲ್ಲಿ ನಾಲ್ಕು ಚಕ್ರಗಳಿಗೆ ನಾಲ್ಕು ಮೋಟಾರುಗಳಿದ್ದು, ಒಂದೊಂದನ್ನೂ ಬೇರೆಬೇರೆಯಾಗಿಯೇ ಆಳುತ್ತಾರೆ.

ಮೂರನೆಯದು ನೀರು. ಹಳ್ಳ ದಾಟುವಾಗ ಡೀಸೆಲ್ ಎಂಜಿನ್ನಿನ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಪಿಸ್ಟನ್ ರಾಡು ಬಗ್ಗಿ ಎಂಜಿನ್ನೇ ಹೋದಂತೆ. ವಿದ್ಯುತ್ ವಾಹನ ಉಸಿರಾಡುವುದಿಲ್ಲವಾದ್ದರಿಂದ ಆ ಭಯವಿಲ್ಲ. ಬ್ಯಾಟರಿ ಮತ್ತು ಮೋಟಾರುಗಳನ್ನು ನೀರು ಹೊಗದಂತೆ ಮುಚ್ಚಿ ಬಿಗಿದಿರುತ್ತಾರೆ. ರಿವಿಯನ್ನಿಗೆ ಸುಮಾರು 1 ಮೀಟರ್ ಆಳದ ನೀರು ದಾಟಬಹುದೆಂದು ಕಂಪೆನಿ ಹೇಳುತ್ತದೆ. ಹಾಗೆಂದು ಆಗುಂಬೆಯ ಮಳೆಗಾಲದ ಹಳ್ಳಕ್ಕೆ ಇಳಿಸಿರೆಂದು ನಾವು ಹೇಳುತ್ತಿಲ್ಲ. ಹರಿಯುವ ನೀರಿನ ಸೆಳೆತಕ್ಕೆ ಡೀಸೆಲ್ಲೂ ಒಂದೇ, ಕರೆಂಟೂ ಒಂದೇ.

ನಾಲ್ಕನೆಯದೇ ನಮಗೆ ಮುಖ್ಯವಾದುದು: ಇಳಿಜಾರಿನಲ್ಲಿ ಅದು ತಾನೇ ವಿದ್ಯುತ್ತು ತಯಾರಿಸಿಕೊಳ್ಳುತ್ತದೆ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಗಾಡಿಯನ್ನು ತಡೆಯುತ್ತ ಬ್ಯಾಟರಿಗೆ ವಿದ್ಯುತ್ತು ತುಂಬುತ್ತದೆ. ಲೆಕ್ಕ ಸರಳ. 1 ಟನ್ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ನಮ್ಮಲ್ಲಿ ಅನೇಕರ ತೋಟ ಗುಡ್ಡದ ಮೇಲೆ, ಡಿಪೋ ಕೆಳಗೆ. 2 ಟನ್ ತೂಕದ ಗಾಡಿ 1 ಟನ್ ಕಾಫಿ ಹೊತ್ತು 300 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಯೂನಿಟ್. ಅದರಲ್ಲಿ ನೂರಕ್ಕೆ ಅರುವತ್ತು ಪಾಲು ಮರಳಿ ಸಿಕ್ಕರೂ ಒಂದೂವರೆ ಯೂನಿಟ್ ಕೈಗೆ ಬಂತು. ಬರಿಗಾಡಿ ಅಷ್ಟೇ ಎತ್ತರ ಹತ್ತಲು ಬೇಕಾದುದು ಒಂದೂಮುಕ್ಕಾಲು ಯೂನಿಟ್ಟಿನೊಳಗೆ. ಅಂದರೆ ಎತ್ತರದ ಖರ್ಚು ಬಹುಪಾಲು ಇಳಿಜಾರಿನಲ್ಲೇ ತೀರಿತು. ಉಳಿದದ್ದು ದಾರಿಯ ಸವಕಳಿಯ ಖರ್ಚು. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಬಳಿಯ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ಡೀಸೆಲ್ ಡಂಪರೊಂದನ್ನು ವಿದ್ಯುತ್ತಿಗೆ ಮಾರ್ಪಡಿಸಿ, ಮೇಲಿನಿಂದ 65 ಟನ್ ಕಲ್ಲು ಹೊತ್ತು ಇಳಿಯಲು, ಬರಿದಾಗಿ ಹತ್ತಲು ಬಿಟ್ಟಿದ್ದಾರೆ. ಇಳಿಯುವಾಗ ತುಂಬಿಸಿಕೊಂಡ ವಿದ್ಯುತ್ತೇ ಹತ್ತುವ ಕೆಲಸದ ಬಹುಭಾಗವನ್ನು ನೋಡಿಕೊಳ್ಳುತ್ತದೆ. ಮಾಲು ಮೇಲಿನಿಂದ ಕೆಳಗಿಳಿಯುವ ಮಲೆನಾಡಿಗೆ ಇದಕ್ಕಿಂತ ಒಪ್ಪುವ ಗುಣ ಬೇರೊಂದಿಲ್ಲ. ಗೊಬ್ಬರ, ಸುಣ್ಣದ ಚೀಲಗಳು ಮೇಲಕ್ಕೇ ಹೋಗಬೇಕಲ್ಲ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಆ ದಿನಗಳಲ್ಲಿ ಈ ಲಾಭವಿಲ್ಲ. ಆದರೆ ವರ್ಷದ ಒಟ್ಟು ಲೆಕ್ಕದಲ್ಲಿ ಇಳಿಯುವ ಮಾಲಿನ ತೂಕವನ್ನು ಕಡೆಗಣಿಸಲಾಗದು.

ಅದರ ದೌರ್ಬಲ್ಯ

ಇನ್ನು ನಾಣ್ಯದ ಇನ್ನೊಂದು ಮುಖ. ಈ ವಾಹನಗಳ ಮೊದಲ ಶತ್ರು ಅವುಗಳ ತೂಕ. ನಮ್ಮ ಗುಡ್ಡಗಳಿಗೆ ದಾರಿ ತೋರಿಸಿದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ತೂಕ 1,100 ಕಿಲೋ ಆಸುಪಾಸು. ನಾಲ್ಕು ಆಳು ಸೇರಿ ಕೆಸರಿನಿಂದ ಎತ್ತಿ ಪಕ್ಕಕ್ಕಿಟ್ಟದ್ದೂ ಉಂಟು. ರಿವಿಯನ್ ಪಿಕಪ್ಪು ಬರಿದಾಗಿಯೇ 3,200 ಕಿಲೋ ತೂಗುತ್ತದೆ. ಹಮ್ಮರಿನ ತೂಕ 4,000 ಕಿಲೋ ದಾಟುತ್ತದೆ, ಅದರ ಬ್ಯಾಟರಿ ಒಂದೇ ಒಂದು ವಿಲ್ಲೀಸ್ ಜೀಪಿಗಿಂತ ಭಾರ! ಗಟ್ಟಿ ಬಂಡೆಯ ಮೇಲೆ ಇಂಥ ತೂಕ ನಡೆದೀತು, ಗದ್ದೆ ಅಂಚಿನ ದಾರಿಯಲ್ಲಿ ಹೂತೇ ಹೋದೀತು. ಒಮ್ಮೆ ಹೂತರೆ ಎತ್ತುವವರು ಯಾರು? ನಮ್ಮ ಪೂರ್ವಿಕರು ಕಲ್ಲು ಹಾಸಿ ಕಟ್ಟಿದ ಸಂಕ, ಪಂಚಾಯಿತಿಯವರ ಒಂದೇ ಪೈಪಿನ ಮೋರಿ, ಇವು ಮಾಲು ಸೇರಿ ನಾಲ್ಕೈದು ಟನ್ನು ಹೊರುವಂತೆ ಕಟ್ಟಿದವಲ್ಲ. ಗಾಡಿ ಕೊಳ್ಳುವ ಮುನ್ನ ಸಂಕದ ಕೆಳಗೆ ಇಳಿದು ನೋಡಿರಿ ಎಂಬುದೇ ನಮ್ಮ ಮೊದಲ ಸಲಹೆ.

ಎರಡನೆಯದು ಹೊಟ್ಟೆಯ ಭಯ. ಬ್ಯಾಟರಿ ಇರುವುದು ಗಾಡಿಯ ಅಡಿಯಲ್ಲಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹಲಗೆಯಂತೆ ಹರಡಿ. ಇದರಿಂದ ತೂಕ ತಗ್ಗಿನಲ್ಲಿದ್ದು ಗಾಡಿ ಪಲ್ಟಿ ಹೊಡೆಯುವುದು ಕಡಿಮೆ, ನಿಜ. ಆದರೆ ನಡುವೆ ಗೂನು ಎದ್ದ ದಾರಿಯಲ್ಲಿ, ಜಂಬಿಟ್ಟಿಗೆಯ ಕಲ್ಲು ತಲೆ ಎತ್ತಿದ ಕಡೆ, ಗಾಡಿಯ ಅತ್ಯಂತ ಬೆಲೆಬಾಳುವ ಭಾಗವೇ ಮೊದಲು ಉಜ್ಜುತ್ತದೆ. ಜೀಪಿನಲ್ಲಿ ಸೈಲೆನ್ಸರ್ ಕಿತ್ತರೆ ಕಂಬಿ ಕಟ್ಟಿ ಮನೆಗೆ ಬರುತ್ತೇವೆ. ಬ್ಯಾಟರಿಯ ಪೆಟ್ಟಿಗೆಗೆ ಪೆಟ್ಟಾದರೆ ಕಂಬಿ ಕಟ್ಟುವ ಮಾತೇ ಇಲ್ಲ. ರಿವಿಯನ್ ಗಾಳಿಯ ಸಸ್ಪೆನ್ಷನ್ನಿನಿಂದ ನೆಲದಿಂದ 38 ಸೆಂಟಿಮೀಟರ್ ಆಸುಪಾಸು ಎದ್ದು ನಿಲ್ಲಬಲ್ಲುದು. ಆದರೆ ಫೋರ್ಡಿನ ಲೈಟ್ನಿಂಗಿನಲ್ಲಿ ಆ ಅಂತರ ಸುಮಾರು 21 ಸೆಂಟಿಮೀಟರು ಮಾತ್ರ. ಎಲ್ಲ ವಿದ್ಯುತ್ ಪಿಕಪ್ಪೂ ಕಾಡುದಾರಿಯ ಗಾಡಿಯಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಮೂರನೆಯದು ಲೋ ಗೇರಿನ ವಿಷಯ. ನಮ್ಮ ಫೋರ್ ವೀಲ್ ಜೀಪುಗಳಲ್ಲಿ ಹೈ-ಲೋ ಕಡ್ಡಿಯಿದ್ದು, ಲೋ ಹಾಕಿದರೆ ಎಂಜಿನ್ನು ಆರಾಮವಾಗಿ ತಿರುಗುತ್ತಾ ಗಾಡಿಯನ್ನು ಆಮೆಯಂತೆ ಎಳೆಯುತ್ತದೆ. ವಿದ್ಯುತ್ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಒಂದೇ ಗೇರು. ಮೋಟಾರಿನ ಎಳೆತ ಹೆಚ್ಚಿರುವುದರಿಂದ ಸ್ವಲ್ಪ ದೂರಕ್ಕೆ ಇದರ ಕೊರತೆ ಕಾಣುವುದಿಲ್ಲ. ಆದರೆ ಭಾರ ಹೊತ್ತು ಬಹಳ ಹೊತ್ತು ಕಡಿದಾದ ಚಡಾವನ್ನು ನಿಧಾನವಾಗಿ ಹತ್ತುತ್ತಿದ್ದರೆ ಮೋಟಾರೂ ನಿಯಂತ್ರಕವೂ ಕಾಯುತ್ತವೆ. ಕಾದಾಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ಬಲ ತಗ್ಗಿಸುತ್ತವೆ. ಹಾಗೆಯೇ ನಾಲ್ಕು ಮೋಟಾರಿನ ಗಾಡಿಯಲ್ಲಿ ಮೂರು ಚಕ್ರ ಕೆಸರಿನಲ್ಲಿದ್ದು ಒಂದಕ್ಕೆ ಮಾತ್ರ ಹಿಡಿತ ಸಿಕ್ಕಿದರೆ, ಆ ಒಂದು ಮೋಟಾರಿನ ಬಲದಲ್ಲೇ ಹೊರಬರಬೇಕು. ಡಿಫರೆನ್ಷಿಯಲ್ ಲಾಕ್ ಇರುವ ಹಳೆಯ ಗಾಡಿಯಲ್ಲಿ ಎಂಜಿನ್ನಿನ ಬಲವೆಲ್ಲ ಹಿಡಿತ ಸಿಕ್ಕಿದ ಚಕ್ರಕ್ಕೇ ಹೋಗುತ್ತದೆ. ಹಳೆಯದೆಲ್ಲ ಕೆಟ್ಟದ್ದಲ್ಲ.

ನಾಲ್ಕನೆಯದು ದೂರದ ಲೆಕ್ಕ. ಕಂಪೆನಿ ಹೇಳುವ ಕಿಲೋಮೀಟರು ನುಣುಪಾದ ರಸ್ತೆಯ, ಹಗುರ ಗಾಡಿಯ ಕಿಲೋಮೀಟರು. ಕೆಸರಿನಲ್ಲಿ, ಮೊದಲ ಗೇರಿನ ವೇಗದಲ್ಲಿ, ಒಂದೊಂದು ಕಿಲೋಮೀಟರಿಗೂ ಅದರ ಎರಡು ಮೂರು ಪಾಲು ವಿದ್ಯುತ್ತು ಹೋದರೆ ಆಶ್ಚರ್ಯವಿಲ್ಲ. ಭಾರದ ಟ್ರೇಲರ್ ಎಳೆದರೆ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು ಅಮೆರಿಕೆಯ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಡೀಸೆಲ್ ಗಾಡಿ ನಿಂತಲ್ಲೂ ಎಣ್ಣೆ ಕುಡಿಯುತ್ತದೆ, ಇದು ನಿಂತಾಗ ಕುಡಿಯುವುದಿಲ್ಲ ಎಂಬ ಸಮಾಧಾನ ಉಂಟು. ಆದರೂ ಕ್ಯಾನಿನಲ್ಲಿ ಐದು ಲೀಟರ್ ಡೀಸೆಲ್ ತಂದು ಸುರಿಯುವಂತೆ ಕ್ಯಾನಿನಲ್ಲಿ ಕರೆಂಟು ತರಲಾಗದು. ಕೆಟ್ಟು ನಿಂತ ವಿದ್ಯುತ್ ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರವರೆಗೆ ಎಳೆಯುವುದೂ ಸಲ್ಲದು. ಎಳೆಯುವ ಚಕ್ರಗಳು ನೆಲದಲ್ಲಿ ತಿರುಗಿದರೆ ಮೋಟಾರೂ ತಿರುಗಿ ಹಾನಿಯಾಗಬಹುದಾದ್ದರಿಂದ, ಚಕ್ರಗಳನ್ನು ನೆಲ ಬಿಡಿಸಿ ಲಾರಿಯ ಮೇಲೆ ಸಾಗಿಸಬೇಕೆಂದೇ ಸಾಮಾನ್ಯವಾಗಿ ಕಂಪೆನಿಗಳ ಸೂಚನೆ. ತೋಟದ ತಲೆಗಟ್ಟಿಗೆ ಆ ಲಾರಿ ಬಂದೀತೆ?

ಕೊನೆಗೆ, ಗುಡ್ಡದ ಮೇಲೆ ಮನೆ ಇರುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಅಪಾಯ. ರಾತ್ರಿಯೆಲ್ಲ ಬ್ಯಾಟರಿಯನ್ನು ತುಂಬ ತುಂಬಿಸಿ ಬೆಳಿಗ್ಗೆ ಇಳಿಯತೊಡಗಿದರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದಂತೆ, ಬ್ಯಾಟರಿ ಹೊಸ ವಿದ್ಯುತ್ತನ್ನು ತೆಗೆದುಕೊಳ್ಳುವುದಿಲ್ಲ. ಆಗ ಮೋಟಾರಿನ ತಡೆಯೂ ತಗ್ಗಿ, ಎಲ್ಲ ಭಾರ ಸಾಧಾರಣ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯುತ್ತದೆಂಬ ನಂಬಿಕೆಯಲ್ಲಿ ಪಳಗಿದ ನಮ್ಮ ಡ್ರೈವರುಗಳಿಗೆ ಇದನ್ನು ತಪ್ಪದೆ ಕಲಿಸಬೇಕು. ಮೇಲಿರುವ ಮನೆಯವರು ನೂರಕ್ಕೆ ಎಂಬತ್ತೈದಕ್ಕೇ ಚಾರ್ಜು ನಿಲ್ಲಿಸುವುದು ಕ್ಷೇಮ, ಉಳಿದ ಜಾಗವನ್ನು ಇಳಿಜಾರು ತುಂಬಿಸುತ್ತದೆ. ಎರಡೇ ಚಕ್ರಕ್ಕೆ ಮೋಟಾರಿರುವ ಗಾಡಿಯಲ್ಲಿ ಈ ತಡೆ ಆ ಎರಡು ಚಕ್ರಗಳಿಗೆ ಮಾತ್ರ ಬೀಳುವುದರಿಂದ ಜಾರು ಮಣ್ಣಿನಲ್ಲಿ ಹಿಂಭಾಗ ಅಡ್ಡ ತಿರುಗುವ ಸಂಭವವೂ ಇದೆ. ಅಂಥ ಕಡೆ ತಡೆಯನ್ನು ಕಡಿಮೆಗಿಟ್ಟು, ಕಾಲಿನ ಬ್ರೇಕನ್ನು ಮೆಲ್ಲಗೆ ಬಳಸಿ ಇಳಿಸುವುದು ಉಚಿತ.

ದೊಡ್ಡದಲ್ಲ, ತಕ್ಕದ್ದು ಬೇಕು

ಅಮೆರಿಕೆಯ ಗಾಡಿಗಳು ನಮಗೆ ಮಾದರಿಯಾಗಲಾರವು. ಅವು ದೊಡ್ಡ ಮನೆಯವರ ವಾರಾಂತ್ಯದ ವಿಹಾರಕ್ಕೆ ಮಾಡಿದವು. ಅಲ್ಲಿಯೇ ಅವುಗಳ ವ್ಯಾಪಾರ ಎಣಿಸಿದಂತೆ ನಡೆದಿಲ್ಲ. ಫೋರ್ಡ್ ಕಂಪೆನಿ 2025ರ ಡಿಸೆಂಬರಿನಲ್ಲಿ ಪೂರ್ಣ ವಿದ್ಯುತ್ತಿನ ಲೈಟ್ನಿಂಗ್ ತಯಾರಿಕೆಯನ್ನು ನಿಲ್ಲಿಸುವುದಾಗಿಯೂ, ಮುಂದಿನದರಲ್ಲಿ ಬ್ಯಾಟರಿ ತುಂಬಿಸಲೊಂದು ಪೆಟ್ರೋಲ್ ಜನರೇಟರನ್ನು ಕೂಡಿಸುವುದಾಗಿಯೂ ಪ್ರಕಟಿಸಿತು. ದೊಡ್ಡವರೇ ಹೀಗೆ ಹಿಂದೆ ಮುಂದೆ ನೋಡುತ್ತಿರುವಾಗ ನಾಲ್ಕೆಕರೆಯವರು ಮುನ್ನುಗ್ಗಬೇಕಾದ ಅವಸರವೇನಿದೆ?

ನಮ್ಮ ಕಣ್ಣಿರಬೇಕಾದದ್ದು ಥಾಯ್ಲೆಂಡಿನ ಕಡೆ. ಅಲ್ಲಿ ಇಸುಝು ಕಂಪೆನಿ 2024ರ ಮಾರ್ಚಿನಲ್ಲಿ ತೋರಿಸಿದ ವಿದ್ಯುತ್ ಡಿ-ಮ್ಯಾಕ್ಸ್ ಪಿಕಪ್ಪು ಹಿಂದೊಂದು ಮುಂದೊಂದು ಮೋಟಾರು ಹೊಂದಿ ನಾಲ್ಕೂ ಚಕ್ರ ಎಳೆಯುತ್ತದೆ. 66.9 ಯೂನಿಟ್ ಹಿಡಿಸುವ ಬ್ಯಾಟರಿ, ಸುಮಾರು 1 ಟನ್ ಮಾಲು ಹೊರುವ ಶಕ್ತಿ, 60 ಸೆಂಟಿಮೀಟರ್ ನೀರು ದಾಟುವ ಸಾಮರ್ಥ್ಯ, ಒಂದು ಚಾರ್ಜಿಗೆ ಸುಮಾರು 260 ಕಿಲೋಮೀಟರು. ಇದೇ ಡಿ-ಮ್ಯಾಕ್ಸಿನ ಡೀಸೆಲ್ ಗಾಡಿ ನಮ್ಮ ನಾಡಿನ ರಸ್ತೆಗಳಲ್ಲಿ ಓಡಾಡುವುದನ್ನು ಸದಸ್ಯರು ಕಂಡಿದ್ದೀರಿ. ಟೊಯೋಟಾದವರು 2025ರ ನವೆಂಬರಿನಲ್ಲಿ ಪ್ರಕಟಿಸಿದ ವಿದ್ಯುತ್ ಹೈಲಕ್ಸಿನಲ್ಲಿ 59.2 ಯೂನಿಟ್ಟಿನ ಬ್ಯಾಟರಿಯಿದ್ದು, ಅದು ಡೀಸೆಲ್ ಹೈಲಕ್ಸಿನಷ್ಟೇ, ಎಂದರೆ 70 ಸೆಂಟಿಮೀಟರ್ ನೀರು ದಾಟುತ್ತದೆ. ಆದರೆ ಹೊರುವುದು 715 ಕಿಲೋ ಮಾತ್ರ, ಎಳೆಯುವುದು 1,600 ಕಿಲೋ, ಓಡುವುದು 240 ಕಿಲೋಮೀಟರ್ ಆಸುಪಾಸು. ದಿನಕ್ಕೆ ಅರುವತ್ತು ಎಂಬತ್ತು ಕಿಲೋಮೀಟರು ಓಡುವ ತೋಟದ ಗಾಡಿಗೆ ಇಷ್ಟು ದೂರ ಧಾರಾಳವಾಯಿತು. ಕೆಸರಿನಲ್ಲಿ ಅರ್ಧಕ್ಕಿಳಿದರೂ ಸಂಜೆಗೆ ಮನೆ ಸೇರಬಹುದು. ಈ ಜಾತಿಯ, ಇದಕ್ಕೂ ಹಗುರವಾದ, ಬಣ್ಣ ಬೆಡಗಿಲ್ಲದ ಗಾಡಿಯನ್ನು ನಮ್ಮ ದೇಶದ ತಯಾರಕರು ಗುಡ್ಡಗಾಡಿನ ಬೆಳೆಗಾರರಿಗಾಗಿ ಮಾಡಬೇಕು. ಕಾಶ್ಮೀರದ ಸೇಬಿನವರು, ಡಾರ್ಜಿಲಿಂಗಿನ ಚಹಾದವರು, ಇಡುಕ್ಕಿಯ ಏಲಕ್ಕಿಯವರು, ಕೊಡಗಿನ ಕಾಫಿಯವರು, ಎಲ್ಲರ ದಾರಿಯೂ ಒಂದೇ ತರಹದ್ದು, ಗಿರಾಕಿಗಳಿಗೆ ಕೊರತೆಯಿಲ್ಲ.

ಸದ್ಯಕ್ಕೆ ನಮ್ಮಲ್ಲಿ ಸಿಗುವುದು ಟಾಟಾ ಏಸ್ ಇ.ವಿ.ಯಂಥ ಸಣ್ಣ ಗಾಡಿಗಳು. 2022ರ ಮೇ ತಿಂಗಳಲ್ಲಿ ಪ್ರಕಟವಾದ ಆ ಗಾಡಿಯ ಬ್ಯಾಟರಿ 21.3 ಯೂನಿಟ್ಟಿನದು, ಹೊರುವುದು 600 ಕಿಲೋ. 2024ರಲ್ಲಿ 1 ಟನ್ ಹೊರುವ ಮಾದರಿಯೂ ಬಂತು. ಪೇಟೆಯ ಬೀದಿಗೆ, ಟಾರು ರಸ್ತೆಗೆ ಇವು ಒಳ್ಳೆಯ ಗಾಡಿಗಳೇ. ಆದರೆ ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ, ಚಕ್ರವೂ ಸಣ್ಣದು. ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟಿಕೊಂಡು ಹತ್ತುವ ನಮ್ಮ ಚಡಾವುಗಳಿಗೆ ಇವನ್ನು ಹತ್ತಿಸಲು ಹೊರಡುವುದು ಆಡಿಗೆ ಆನೆಯ ಹೊರೆ ಹೇರಿದಂತೆ.

ಲೆಕ್ಕದ ಪುಸ್ತಕ ತೆರೆದು ನೋಡಿದರೆ

ಖರ್ಚಿನ ವಿಷಯಕ್ಕೆ ಬರೋಣ. ಡೀಸೆಲ್ ಲೀಟರಿಗೆ 90 ರೂಪಾಯಿ, ತೋಟದ ದಾರಿಯಲ್ಲಿ ಪಿಕಪ್ಪು ಲೀಟರಿಗೆ 10 ಕಿಲೋಮೀಟರು ಓಡುತ್ತದೆಂದು ಹಿಡಿದರೆ ಕಿಲೋಮೀಟರಿಗೆ 9 ರೂಪಾಯಿ. ವಿದ್ಯುತ್ ಗಾಡಿ ಯೂನಿಟ್ಟಿಗೆ 3 ಕಿಲೋಮೀಟರು, ಯೂನಿಟ್ಟಿಗೆ 7 ರೂಪಾಯಿ, ಚಾರ್ಜು ಮಾಡುವಾಗಿನ ನಷ್ಟ ನೂರಕ್ಕೆ ಹದಿನೈದು ಎಂದು ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 70 ಪೈಸೆ. ಉಳಿತಾಯ 6 ರೂಪಾಯಿ 30 ಪೈಸೆ. ಗಾಡಿಯ ಬೆಲೆಯಲ್ಲಿ ವ್ಯತ್ಯಾಸ 5 ಲಕ್ಷ ಎಂದಿಟ್ಟುಕೊಳ್ಳಿ.

ನಾಲ್ಕೈದು ಎಕರೆಯ ಸದಸ್ಯರ ಗಾಡಿ ವರ್ಷಕ್ಕೆ 5,000 ಕಿಲೋಮೀಟರು ಓಡಿದರೆ ಉಳಿಯುವುದು 31,500 ರೂಪಾಯಿ. ಐದು ಲಕ್ಷ ತೀರಲು ಹದಿನಾರು ವರ್ಷ! ಸಾಲದ ಬಡ್ಡಿ ಬೇರೆ. ಬ್ಯಾಟರಿಗೆ ಕಂಪೆನಿಗಳು ಸಾಮಾನ್ಯವಾಗಿ ಕೊಡುವ ಭರವಸೆ ಏಳೆಂಟು ವರ್ಷದ್ದು. ಅದೇ ಗಾಡಿ ಹತ್ತಾರು ಮನೆಗಳ ಮಾಲು ಹೊತ್ತು ವರ್ಷಕ್ಕೆ 20,000 ಕಿಲೋಮೀಟರು ಓಡಿದರೆ ಉಳಿತಾಯ 1,26,000 ರೂಪಾಯಿ, ನಾಲ್ಕು ವರ್ಷದಲ್ಲಿ ಲೆಕ್ಕ ಚುಕ್ತಾ. ಸದಸ್ಯರು ತಂತಮ್ಮ ಮನೆಯ ಅಂಕಿಗಳನ್ನು ಹಾಕಿ ಇದನ್ನು ತಿದ್ದಿಕೊಳ್ಳಬಹುದು, ಆದರೆ ತಾತ್ಪರ್ಯ ಬದಲಾಗದು. ವಿದ್ಯುತ್ ಗಾಡಿ ಹೆಚ್ಚು ಓಡಿದಷ್ಟೂ ಅಗ್ಗ, ನಿಂತಷ್ಟೂ ದುಬಾರಿ. ಒಬ್ಬೊಬ್ಬನ ಅಂಗಳದಲ್ಲಿ ನಿಲ್ಲಬೇಕಾದ ವಸ್ತುವಲ್ಲ ಅದು, ಹಲವರು ಕೂಡಿ ದುಡಿಸಬೇಕಾದ ವಸ್ತು. ಸಹಕಾರ ತತ್ತ್ವಕ್ಕೆ ಇಷ್ಟು ಒಪ್ಪುವ ಯಂತ್ರ ಈಚಿನ ವರ್ಷಗಳಲ್ಲಿ ಬಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನೊಂದು ಉಪಯೋಗವನ್ನೂ ಮರೆಯಬಾರದು. ಇಂಥ ಕೆಲವು ಗಾಡಿಗಳು ನಡೆಯುವ ವಿದ್ಯುತ್ ಘಟಕಗಳೂ ಹೌದು. ಫೋರ್ಡ್ ಲೈಟ್ನಿಂಗಿನ ಮೇಲ್ದರ್ಜೆಯ ಮಾದರಿಗಳಲ್ಲಿ 9.6 ಕಿಲೋವ್ಯಾಟ್‌ವರೆಗೆ ವಿದ್ಯುತ್ತನ್ನು ಹೊರಕ್ಕೆ ತೆಗೆಯುವ ಏರ್ಪಾಡಿತ್ತು. ಎರಡು ಮೂರು ಅಶ್ವಶಕ್ತಿಯ ಅಡಿಕೆ ಸುಲಿಯುವ ಯಂತ್ರಕ್ಕಾಗಲಿ, ಬೋರ್ಡೋ ಹೊಡೆಯುವ ಪಂಪಿಗಾಗಲಿ ಇದು ಬೇಕಾದಷ್ಟಾಯಿತು. ಕೊಳೆರೋಗ ಏರುವ ದಿನಗಳಲ್ಲಿ ಎರಡು ದಿನ ಬಿಸಿಲು ಕಂಡಾಗ ಕರೆಂಟಿಲ್ಲದೆ, ಎಂಜಿನ್ನು ಸ್ಟಾರ್ಟಾಗದೆ ಕೈ ಹಿಸುಕಿಕೊಂಡವರಿಗೆ ಇದರ ಬೆಲೆ ಗೊತ್ತು. ನಮ್ಮ ದೇಶದಲ್ಲಿ ಮಾಡುವ ಗಾಡಿಗೂ ಈ ಏರ್ಪಾಡು ಇರಲೇಬೇಕೆಂದು ನಾವು ಕೇಳಬೇಕು.

ಕರೆಂಟು ಇದ್ದರಲ್ಲವೆ?

ಇದನ್ನೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸಿಗುವುದು ಸುಮಾರು 3.3 ಯೂನಿಟ್. 60 ಯೂನಿಟ್ಟಿನ ಬ್ಯಾಟರಿ ಪೂರ್ತಿ ತುಂಬಲು ಇಪ್ಪತ್ತು ಗಂಟೆ ಬೇಕು. ದಿನವೂ ಪೂರ್ತಿ ಖಾಲಿಯಾಗುವುದಿಲ್ಲವಾದ್ದರಿಂದ ರಾತ್ರಿ ಕರೆಂಟಿದ್ದರೆ ಸಾಕು. ಆದರೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದು, ಟಿ.ಸಿ. ಸುಟ್ಟು, ವಾರಗಟ್ಟಲೆ ದೀಪವಿಲ್ಲದ ಊರುಗಳು ನಮ್ಮಲ್ಲಿವೆ. ಇದ್ದ ದಿನವೂ ವೋಲ್ಟೇಜು ಕುಸಿದು ಬಲ್ಬು ಕೆಂಡದಂತೆ ಉರಿಯುತ್ತದೆ. ಗಾಡಿ ಬರುವ ಮೊದಲು ತಂತಿ ಗಟ್ಟಿಯಾಗಬೇಕು. ಮೆಸ್ಕಾಂ ಮತ್ತು ಚಾಮುಂಡೇಶ್ವರಿ ವಿದ್ಯುತ್ ನಿಗಮಗಳ ಮುಂದೆ ಈ ಬೇಡಿಕೆಯನ್ನು ಬಿಡಿಬಿಡಿಯಾಗಿ ಇಟ್ಟರೆ ಕೇಳುವವರಿಲ್ಲ, ಸಂಘಗಳೆಲ್ಲ ಕೂಡಿ ಇಡಬೇಕು. ಹಾಗೆಯೇ ಒಂದು ಎಚ್ಚರಿಕೆ: ನೀರಾವರಿ ಪಂಪ್‌ಸೆಟ್ಟಿಗೆ ಕೊಟ್ಟ ಸಂಪರ್ಕದಿಂದ ಗಾಡಿಗೆ ಚಾರ್ಜು ಮಾಡುವ ಉಪಾಯ ಯಾರಿಗೂ ಹೊಳೆಯದಿರಲಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ತು ಬಳಸುವುದು 2003ರ ವಿದ್ಯುತ್ ಕಾಯಿದೆಯ ಪ್ರಕಾರ ದಂಡಕ್ಕೆ ಗುರಿ.

ದುರಸ್ತಿಯದೂ ಅಷ್ಟೇ ದೊಡ್ಡ ಚಿಂತೆ. ಈ ಗಾಡಿಗಳಲ್ಲಿ ನೂರಾರು ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ನಮ್ಮ ಊರಿನ ಮೇಸ್ತ್ರಿಗಳು ಎಷ್ಟೇ ಬುದ್ಧಿವಂತರಾದರೂ ತರಬೇತಿಯಿಲ್ಲದೆ ಕೈ ಹಾಕಿದರೆ ಜೀವಕ್ಕೇ ಅಪಾಯ. ಆದ್ದರಿಂದ ಐ.ಟಿ.ಐ. ಓದಿದ ನಮ್ಮದೇ ಮಕ್ಕಳಲ್ಲಿ ಇಬ್ಬರನ್ನಾದರೂ ಈ ವಿದ್ಯೆ ಕಲಿಯಲು ಕಳಿಸಬೇಕು. ಊರು ಬಿಟ್ಟು ಬೆಂಗಳೂರು ಸೇರುವ ಹುಡುಗರನ್ನು ಊರಲ್ಲಿ ನಿಲ್ಲಿಸುವ ಒಂದು ದಾರಿಯೂ ಇದಾದೀತು.

ನಮ್ಮ ಸಲಹೆ

ಸಾರಾಂಶವಾಗಿ ನಾವು ಹೇಳುವುದಿಷ್ಟು. ಒಂದು, ಸಣ್ಣ ಬೆಳೆಗಾರರು ಯಾರೂ ತೋಟ ಅಡವಿಟ್ಟು ವಿದ್ಯುತ್ ಪಿಕಪ್ಪು ಕೊಳ್ಳುವ ಕಾಲ ಇನ್ನೂ ಬಂದಿಲ್ಲ. ಓಡುತ್ತಿರುವ ಜೀಪನ್ನು ಇನ್ನೊಂದಿಷ್ಟು ವರ್ಷ ಓಡಿಸಿರಿ. ಎರಡು, ಟಾರು ರಸ್ತೆಯ ಬದಿಯ ಊರುಗಳಿಂದ ಡಿಪೋಗೆ ಮಾಲು ತರಲು ಸಂಘದ ವತಿಯಿಂದಲೇ ಒಂದು ಸಣ್ಣ ವಿದ್ಯುತ್ ಗಾಡಿಯನ್ನು ಒಂದು ಕೊಯ್ಲಿನ ಮಟ್ಟಿಗೆ ಬಾಡಿಗೆಗೆ ಹಿಡಿದು, ದಿನದಿನದ ಲೆಕ್ಕ ಬರೆದಿಟ್ಟು, ಅದನ್ನು ಈ ಪತ್ರಿಕೆಯಲ್ಲೇ ಪ್ರಕಟಿಸೋಣ. ಮೂರು, ನಾಲ್ಕು ಚಕ್ರ ಎಳೆಯುವ, ಎರಡು ಟನ್ನಿನೊಳಗೆ ತೂಗುವ, ಹೊಟ್ಟೆಗೆ ಉಕ್ಕಿನ ತಟ್ಟೆಯ ರಕ್ಷಣೆಯುಳ್ಳ ಗಾಡಿ ನಮಗೆ ಬೇಕೆಂದು ಬೆಳೆಗಾರರ ಸಂಘಗಳೆಲ್ಲ ಒಂದಾಗಿ ತಯಾರಕರಿಗೆ ಬರೆಯೋಣ. ನಾಲ್ಕು, ಅಂಥ ಗಾಡಿ ಬಂದ ದಿನ ಅದು ನಮ್ಮ ಮಳೆಗಾಲದಲ್ಲಿ, ನಮ್ಮ ಚಡಾವಿನಲ್ಲಿ, ಚೀಲ ಹೇರಿಕೊಂಡು ಓಡಿ ತೋರಿಸಲಿ. ಷೋರೂಮಿನ ನೆಲದ ಮೇಲೆ ಹೊಳೆಯುವ ಗಾಡಿಗೆ ಮುಂಗಡ ಕೊಡುವುದು ಬೇಡ.

ಹೊಸದನ್ನು ದೂರುವುದು ನಮ್ಮ ಉದ್ದೇಶವಲ್ಲ. ಕೈಯಲ್ಲಿ ತಿರುಗಿಸುತ್ತಿದ್ದ ಪಲ್ಪರಿಗೆ ಮೋಟಾರು ಬಂದಾಗಲೂ, ಹೆಂಗಸರು ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಕಡೆಗೆ ಯಂತ್ರ ಬಂದಾಗಲೂ ಅನುಮಾನಿಸಿದವರಿದ್ದರು. ಬಂದು ಒಳ್ಳೆಯದೇ ಆಯಿತು. ವಿದ್ಯುತ್ ಗಾಡಿಯೂ ಬರಲಿ, ನಮ್ಮ ದಾರಿಯ ಅಳತೆಗೆ, ನಮ್ಮ ಜೇಬಿನ ಅಳತೆಗೆ ಬರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿಯೊಂದೇ ಬೆಲೆ ಬಿದ್ದ ವರ್ಷಗಳಲ್ಲಿ ನಮ್ಮ ತೋಟಗಳನ್ನು ನಮ್ಮ ಕೈಯಲ್ಲೇ ಉಳಿಸಿದ್ದು. ಬಾಡಿಗೆ ಗಾಡಿಯ ಪ್ರಯೋಗದ ವಿಷಯವನ್ನು ಮುಂದಿನ ಮಹಾಸಭೆಯ ಮುಂದೆ ಇಡಬೇಕೆಂದಿದ್ದೇವೆ. ಅದಕ್ಕೆ ಮುಂಚೆ ಸದಸ್ಯ ಬಂಧುಗಳು ತಮ್ಮ ಊರಿನ ದಾರಿ, ಸಂಕ, ಕರೆಂಟಿನ ಸ್ಥಿತಿ ಮತ್ತು ವರ್ಷದಲ್ಲಿ ಗಾಡಿ ಓಡುವ ಕಿಲೋಮೀಟರುಗಳನ್ನು ಒಂದು ಕಾಗದದಲ್ಲಿ ಬರೆದು ಕಛೇರಿಗೆ ಮುಟ್ಟಿಸಬೇಕೆಂದು ಕೋರುತ್ತೇವೆ.